ಹಿಮ್ಮಡಿ ಕಲ್ಲು

ನಮ್ಮ ಅತ್ತೆ, ಅಪ್ಪನ ಅಕ್ಕ, ಯಾವ ಕಲ್ಲಿನಲ್ಲಿ ತನ್ನ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳೋ ಅದೇ ಕಲ್ಲಿನ ಮೇಲೆ ಪುರಸಭೆ ಅಧ್ಯಕ್ಷರ ಗಡ್ಡದ ಕತ್ತಿಯನ್ನೂ ಮಸೆಯುತ್ತಿದ್ದಳು. ಒಂದು ಮಗ್ಗುಲು ಕತ್ತಿಗೆ, ಇನ್ನೊಂದು ಮಗ್ಗುಲು ಕಾಲಿಗೆ. ಅದಲುಬದಲಾಗುವ ಭಯವಿರಲಿಲ್ಲ. ಕತ್ತಿಯ ಕಡೆ ಕನ್ನಡಿಯ ಹಾಗೆ ಮಟ್ಟ. ಕಾಲಿನ ಕಡೆ ಹಿಮ್ಮಡಿಯ ಆಕಾರಕ್ಕೇ ಒಂದು ತಗ್ಗು ಬಿದ್ದಿತ್ತು. ಊರಿನಲ್ಲಿ ಅಷ್ಟು ನುಣ್ಣಗಿದ್ದ ಜಾಗ ಎರಡೇ: ಅಧ್ಯಕ್ಷರ ಕೆನ್ನೆ, ಅತ್ತೆಯ ಹಿಮ್ಮಡಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಯೋಗ ಯಾರಿಗೂ ಬಂದಿರಲಿಲ್ಲ.

ಕಲ್ಲು ಎಲ್ಲಿಂದ ಬಂತು ಎಂಬುದು ನಮ್ಮ ಮನೆಯ ಖಾಸಗಿ ನಗು. ಅಧ್ಯಕ್ಷರ ಮನೆಯ ಮುಂದೆ ಬೀದಿಗೆ ಇಳಿಯುವ ಅಗಲವಾದ ಮೆಟ್ಟಿಲುಗಳಿವೆ. ಹಸಿರು ಬೆರೆತ ಬೂದು ಬಣ್ಣದ ಕಲ್ಲು. ಕೈ ಇಟ್ಟರೆ ಜಾರುತ್ತದೆ. ಅತ್ತೆ ಹುಡುಗಿಯಾಗಿದ್ದಾಗ, ಈಗಿನ ಅಧ್ಯಕ್ಷರ ಅಪ್ಪ ಆ ಮನೆಗೆ ಕಬ್ಬಿಣದ ತಿಜೋರಿ ತರಿಸಿದ್ದರಂತೆ. ಹೊರುವವರ ಕೈತಪ್ಪಿ ತಿಜೋರಿ ಕೆಳಗಿನ ಮೆಟ್ಟಿಲ ಮೇಲೆ ಬಿತ್ತು. ಮೆಟ್ಟಿಲ ಮೂಲೆ ಮುರಿಯಿತು. ಹೊರುವವರಿಗೆ ಬೈಗುಳ ಬಿತ್ತು. ಮುರಿದ ಚೂರು ಚರಂಡಿಗೆ ಬಿತ್ತು. ನಮ್ಮ ಅಜ್ಜಿ ಅದನ್ನು ಹೆಕ್ಕಿ, ತೊಳೆದು, ಹಿಮ್ಮಡಿ ಉಜ್ಜಲು ಬಚ್ಚಲಿನಲ್ಲಿ ಇಟ್ಟಳು. ಒಂದು ದಿನ ಅತ್ತೆಗೆ ಏನು ಹೊಳೆಯಿತೋ, ಅಜ್ಜನ ಕತ್ತಿ ತಂದು ಅದರ ಮೇಲೆ ಆಡಿಸಿದಳು. ಅಂದಿನಿಂದ ಕಲ್ಲಿಗೆ ಬಡ್ತಿ ಸಿಕ್ಕಿತು. ಬಚ್ಚಲಿನಿಂದ ನಡುಮನೆಗೆ ಬಂತು.

ಮೆಟ್ಟಿಲು ಅಂದರೆ ಮೆಟ್ಟಲು ಇರುವುದು. ನಮಗೆ ಮೆಟ್ಟಿಲಿತ್ತು, ಮೆಟ್ಟಲು ಇರಲಿಲ್ಲ. ಬೋರ್ಡ್ ಏನೂ ಹಾಕಿರಲಿಲ್ಲ. ಬೋರ್ಡ್ ಬೇಕಾಗಿಯೂ ಇರಲಿಲ್ಲ. ಕೂದಲು, ಕೊಳೆ, ಕಸ ಮುಟ್ಟುವವರಿಗೆಲ್ಲ ಪಕ್ಕದ ಸಂದಿ. ಸಂದಿಯ ಉದ್ದಕ್ಕೂ ಮನೆಯ ಬಚ್ಚಲು ನೀರು ಹರಿಯುವ ತೆರೆದ ಚರಂಡಿ, ಹಿತ್ತಿಲಿಗೆ ದಾಟಲು ಅದರ ಮೇಲೊಂದು ಕೊಳೆತ ಹಲಗೆ. ಅಜ್ಜ ಆ ಹಲಗೆಯ ಮೇಲೆ ನಡೆದ. ಅಪ್ಪನೂ ನಡೆದ. ಹಿತ್ತಿಲ ಜಗಲಿಯಲ್ಲಿ ಅಧ್ಯಕ್ಷರಿಗೆ ಬೆತ್ತದ ಕುರ್ಚಿ. ಅಪ್ಪ ನಿಂತೇ ಗಡ್ಡ ಮಾಡಬೇಕು. ಕೂರುವ ಹಾಗಿಲ್ಲ, ಗೋಡೆಗೆ ಒರಗುವ ಹಾಗಿಲ್ಲ. ಮಂಡಿ ಸವೆದು ಎದ್ದರೆ ಕೂತರೆ ಲಟಲಟ ಅನ್ನುತ್ತಿದ್ದರೂ ಹಾಗಿಲ್ಲ. ಆ ಮುಖಕ್ಕೆಂದೇ ಬೇರೆ ಕತ್ತಿ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅದು ಇನ್ನೊಬ್ಬರ ಗಲ್ಲ ಮುಟ್ಟಕೂಡದು. ಕೆಲಸ ಮುಗಿದ ಮೇಲೆ ಬಿದ್ದ ಕೂದಲನ್ನೆಲ್ಲ ಅಪ್ಪ ಬರಿಗೈಯಲ್ಲಿ ಗುಡಿಸಿ, ತನ್ನ ಚೀಲಕ್ಕೆ ತುಂಬಿಕೊಂಡು, ಮನೆಗೆ ತಂದು ಸುಡಬೇಕು. ಅಧ್ಯಕ್ಷರ ಗಡ್ಡ ಅಧ್ಯಕ್ಷರ ಮನೆಯ ಕಸದ ಬುಟ್ಟಿಗೂ ಬೇಡ.

ಯಾರದೇ ದನಿ ನನ್ನ ಕಿವಿಗೆ ಬಿದ್ದರೆ ನಾಲಿಗೆಯ ಮೇಲೆ ಬಂದು ಕೂತುಬಿಡುತ್ತದೆ. ಅದಕ್ಕೆ ಯಾವ ಸಂದಿಯೂ ಬೇಕಿಲ್ಲ. ಊಟವಾದ ಮೇಲೆ ಅತ್ತೆ ಕೇಳುತ್ತಿದ್ದಳು, "ಎಲ್ಲೇ, ಅಧ್ಯಕ್ಷರನ್ನ ಕರಿ." ನಾನು ಗಂಟಲು ಸರಿಮಾಡಿಕೊಂಡು ಹಲ್ಲು ಕಚ್ಚಿ ಶುರು ಮಾಡುತ್ತಿದ್ದೆ. "ಹ್ರೂಂ. ಸೋಪು ಮೂಗಿಗೆ ಹೋಯ್ತು. ಅರ್ಥ ಆಯ್ತಾ?" ತಕ್ಷಣ ಪಕ್ಕಕ್ಕೆ ಹಾರಿ, ಕೈಕಟ್ಟಿ, ಕುತ್ತಿಗೆ ಬಗ್ಗಿಸಿ ಅವರ ಗುಮಾಸ್ತನಾಗುತ್ತಿದ್ದೆ. "ಆಯ್ತಾ, ಆಯ್ತಾ." ಆ ಗುಮಾಸ್ತನಿಗೆ ಊರೇ ಹೌದಪ್ಪ ಅಂತ ಹೆಸರಿಟ್ಟಿತ್ತು. ಯಾರ ಮಾತಿಗಾದರೂ ಕೊನೆಯ ಪದವನ್ನು ಇನ್ನೊಮ್ಮೆ ಹೇಳದಿದ್ದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಅತ್ತೆ ಬಿದ್ದು ಬಿದ್ದು ನಗುವಳು. ಅಪ್ಪ ಮಾತ್ರ ಬಾಗಿಲ ಕಡೆ ನೋಡಿ, "ಮೆಲ್ಲಗೆ ಕಣೇ, ಯಾರಾದ್ರೂ ಕೇಳಿಸ್ಕೊಂಡಾರು," ಅನ್ನುವನು. ಅಪ್ಪನಿಗೆ ನಗುವುದಕ್ಕೂ ಪಕ್ಕದ ಸಂದಿಯೇ ಬೇಕಿತ್ತು.

ಆ ದಿನ ಅಪ್ಪನ ಹಿಂದೆ ನಾನೂ ಹೋಗಿದ್ದೆ. ಮಂಡಿ ಊದಿತ್ತು. ಚೀಲ ಹೊರುತ್ತೇನೆ ಅಂದರೆ ಕೊಡಲಿಲ್ಲ. "ಆಯುಧ ಇರೋದು ನನ್ನ ಕೈಲಿರಲಿ. ನೀನು ನೀರಿನ ಚೊಂಬು ಹಿಡ್ಕೋ." ಹಲಗೆಯ ಮೇಲೆ ಒಂದು ಕಾಲಿಟ್ಟ. ಇನ್ನೊಂದು ಕಾಲಿಡುವ ಮೊದಲು ಹಲಗೆ ಲಟ್ಟೆಂದಿತು. ನಾನು ಮಂಡಿಯ ಸದ್ದು ಅಂದುಕೊಂಡೆ. ನೋಡಿದರೆ ಅಪ್ಪ ಇರಲಿಲ್ಲ. ಚರಂಡಿಯಲ್ಲಿ ಎದೆಮಟ್ಟ ಕೂತಿದ್ದ, ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು. ಕೆಂಪು ಬಟ್ಟೆಯ ಗಂಟು ಚೀಲದಿಂದ ಜಾರಿ ಚರಂಡಿಯ ಅಂಚುಗಲ್ಲಿನ ಮೇಲೆ ಠಣ್ ಎಂದು ಬಿದ್ದಿತ್ತು.

ನಾನು ಕೈ ಕೊಟ್ಟು ಎಳೆದೆ. ಮೊಳಕಾಲಿನ ಕೆಳಗೆ ಸೀಳಿ ರಕ್ತ ಬರುತ್ತಿತ್ತು. ಮೈಯೆಲ್ಲ ಕಪ್ಪು ಕೆಸರು. ಹಿತ್ತಿಲ ಜಗಲಿಯಲ್ಲಿ ಅಧ್ಯಕ್ಷರು ಕತ್ತಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನಾನು ಹೇಳುತ್ತಿರುವುದು ಅವರ ಕತ್ತು. ಮೂಗು ಮುಚ್ಚಿಕೊಂಡರು.

"ಹ್ರೂಂ. ಏನೋ ಇದು, ಎಮ್ಮೆ ಥರ? ಮೊದ್ಲು ತೊಳೀರಿ ಅವನನ್ನ."

"ತೊಳೀರಿ ಅವನನ್ನ," ಅಂದ ಹೌದಪ್ಪ. ಹೇಳಿದವನೂ ಅವನೇ, ತೊಳೆದವನೂ ಅವನೇ. ಗಿಡಕ್ಕೆ ನೀರು ಬಿಡುವ ಪೈಪು ತಂದು ಅಪ್ಪನ ಎದೆಗೆ ಹಿಡಿದ. ಮುಖಕ್ಕೆ ಹಿಡಿದ. "ತಿರುಗು" ಅಂದ. ಅಪ್ಪ ತಿರುಗಿದ. "ಕೈ ಎತ್ತು" ಅಂದ. ಅಪ್ಪ ಎತ್ತಿದ. ಪುರಸಭೆಯ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಬಂದಿದ್ದವರು ಜಗಲಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ಒಬ್ಬ, "ಕಿವಿ ಹಿಂದೆ ಉಳಿದಿದೆ ನೋಡ್ರಿ," ಅಂದ. ನಗು. ಒರೆಸಿಕೊಳ್ಳಲು ಒಂದು ಚಿಂದಿಯನ್ನೂ ಯಾರೂ ಕೊಡಲಿಲ್ಲ.

ಆಮೇಲೆ ಅಪ್ಪ, ಮೈಯಿಂದ ನೀರು ತೊಟ್ಟಿಕ್ಕುತ್ತಾ, ಕಾಲಿನಿಂದ ರಕ್ತ ಇಳಿಯುತ್ತಾ, ಕೆಂಪು ಬಟ್ಟೆಯದು ಪೆಟ್ಟು ತಿಂದಿದ್ದರಿಂದ ಚೀಲದಲ್ಲಿದ್ದ ಅಂಗಡಿಯ ಕತ್ತಿಯನ್ನೇ ಗುಟ್ಟಾಗಿ ತೆಗೆದು, ನಿಂತುಕೊಂಡು, ಗಡ್ಡ ಮಾಡಿದ. ಕೈ ಒಂದಿಷ್ಟೂ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿತು. ಕೂದಲು ಬಳಿದು ಚೀಲಕ್ಕೆ ಹಾಕಿಕೊಂಡ. ನನಗೆ ಎಲ್ಲರ ದನಿಯೂ ಬರುತ್ತದೆ. ಆ ಹೊತ್ತು ನನ್ನದೇ ಬರಲಿಲ್ಲ.

ಮನೆಯಲ್ಲಿ ಅತ್ತೆ ಕಾಲು ನೋಡಿದಳು. "ಏನೋ ಇದು?"

"ಜಾರಿದೆ ಅಕ್ಕ."

"ಜಾರಿದ್ರೆ ಕೆಸರಾಗ್ತಾರೆ. ನೀನ್ಯಾಕೆ ಇಷ್ಟು ಶುದ್ಧವಾಗಿದ್ದೀಯ?"

ನಾನು ಮಾಡಿ ತೋರಿಸಿದೆ: ತಿರುಗು, ಕೈ ಎತ್ತು, ಕಿವಿ ಹಿಂದೆ ಉಳಿದಿದೆ. ದನಿಗಳೆಲ್ಲ ತದ್ರೂಪ ಬಂದವು. ಅವತ್ತು ಅತ್ತೆ ನಗಲಿಲ್ಲ. ಕೆಂಪು ಬಟ್ಟೆ ಬಿಚ್ಚಿ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಚಕ್ಕೆ ಹಾರಿತ್ತು.

ನಮ್ಮ ಬೀದಿಯ ಕ್ಷೌರದವರೆಲ್ಲ ಕತ್ತಿ ಮಸೆಸುವುದು ಅತ್ತೆಯ ಹತ್ತಿರವೇ. ಅವಳು ಯಾರ ಗಡ್ಡವನ್ನೂ ಮಾಡಿದವಳಲ್ಲ, ಹೆಂಗಸಿನ ಕೈಗೆ ಗಲ್ಲ ಕೊಡುವ ಗಂಡಸು ಊರಿನಲ್ಲಿ ಇರಲಿಲ್ಲ. ಕತ್ತಿ ಮಾತ್ರ ಕೊಡುತ್ತಿದ್ದರು. ಮೂರು ಕಲ್ಲು ಅವಳ ಬಳಿ. "ಮೊದಲನೇದು ಬೈಯುತ್ತೆ, ಎರಡನೇದು ಬುದ್ಧಿ ಹೇಳುತ್ತೆ, ಕೊನೇದು ತಲೆ ಸವರುತ್ತೆ" ಅನ್ನುವಳು. ಒರಟು ಕಲ್ಲಿನ ಮೇಲೆ ಚಕ್ಕೆ ಹೋಗಿ ಅಂಚು ನೇರವಾಗುತ್ತದೆ. ಎರಡನೆಯದರ ಮೇಲೆ ಹರಿತ ಬರುತ್ತದೆ. ಅಲ್ಲಿಗೇ ನಿಲ್ಲಿಸಿದರೂ ಕತ್ತಿ ಕೂದಲು ಕತ್ತರಿಸುತ್ತದೆ, ಆದರೆ ಚರ್ಮದ ಜೊತೆ ಜಗಳ ಆಡುತ್ತದೆ. ಜಗಳ ಬಿಡಿಸುವುದೇ ಕೊನೆಯ ಕಲ್ಲು, ಅಂದರೆ ನಮ್ಮ ಹಿಮ್ಮಡಿ ಕಲ್ಲು. ಕಲ್ಲಿನ ಮೇಲೆ ನಾಲ್ಕು ಹನಿ ನೀರು. ಕಲ್ಲಿನದೇ ಚೂರಿನಿಂದ ತಿಕ್ಕಿದರೆ ಹಾಲಿನಂಥ ಕೆಸರು ಏಳುತ್ತದೆ. ಅದರ ಮೇಲೆ ಕತ್ತಿಯ ಬೆನ್ನೂ ಅಂಚೂ ಒಟ್ಟಿಗೆ ಮಲಗಬೇಕು. ಅಂಚು ಮುಂದಾಗಿ ತಳ್ಳಬೇಕು, ಬೆನ್ನಿನ ಮೇಲೆ ಮಗುಚಬೇಕು, ಹಾಗೇ ಎಳೆದುಕೊಳ್ಳಬೇಕು. ಒಂದೊಂದೇ ಹನಿ ನೀರು ಸೇರಿಸುತ್ತಾ ಕೆಸರನ್ನು ತಿಳಿ ಮಾಡಬೇಕು, ಕೈಯ ಭಾರ ಕಳೆಯುತ್ತಾ ಹೋಗಬೇಕು. ಮೊದಲು ಸರ್ ಸರ್ ಅನ್ನುವ ಸದ್ದು ಆಮೇಲೆ ಸ್ಸ್ ಆಗುತ್ತದೆ, ಕೊನೆಗೆ ಏನೂ ಇರುವುದಿಲ್ಲ. ಆ ಏನೂ ಇಲ್ಲದ ಸದ್ದನ್ನು ಮಾತ್ರ ನಾನು ಇವತ್ತಿಗೂ ಅಣಕಿಸಲಾರೆ.

ಅವತ್ತು ಅತ್ತೆ ಮೊದಲ ಕಲ್ಲು ಆಡಿಸಿದಳು. ಎರಡನೆಯದೂ ಆಯಿತು. ಕತ್ತಿ ಒರೆಸಿ ಕೆಂಪು ಬಟ್ಟೆ ಸುತ್ತಿಬಿಟ್ಟಳು.

"ಅಕ್ಕ, ಕೊನೇ ಕಲ್ಲು?"

"ಇಲ್ಲ."

"ಇಲ್ಲ ಅಂದ್ರೆ? ಹಾಗೇ ಹಚ್ಚಿದ್ರೆ ಅವರ ಮುಖ ಏಳುತ್ತೆ. ಹೊಸ ಸಭಾಭವನಕ್ಕೆ ಹಾಕೋಕೆ ಫೋಟೋ ತೆಗೆಸ್ತಾರೆ ಈ ವಾರ."

"ಏಳ್ಲಿ. ನೀನು ಮುಂದಿನ ಮೆಟ್ಟಿಲು ಹತ್ತಿ ಹೋಗಿ ಕೂತು ಗಡ್ಡ ಮಾಡೋ ದಿನ ಆ ಕತ್ತಿಗೆ ಕೊನೇ ಕಲ್ಲು. ಅಲ್ಲೀವರೆಗೂ ಅದರ ತಲೆ ಸವರೋರು ಯಾರೂ ಇಲ್ಲ."

"ಅಂಗಡಿ ಲೈಸೆನ್ಸು ಅವರ ಕೈಲಿದೆ ಅಕ್ಕ."

"ಅವರ ಕತ್ತು ನಿನ್ನ ಕೈಲಿರುತ್ತೆ, ದಿನಾ ಬೆಳಿಗ್ಗೆ. ಅವರೇನಾದ್ರೂ ಹೆದರ್ತಾರಾ?"

ಅಪ್ಪ ಹೋದ. ಮರುದಿನವೂ ಅದೇ ಕತ್ತಿ ಹಿಡಿದು, ಸಂದಿಯಲ್ಲೇ, ಹಲಗೆಯಿಲ್ಲದ ಚರಂಡಿಯನ್ನು ಕುಂಟುತ್ತಾ ದಾಟಿ ಹೋದ. ಅದರ ಮರುದಿನವೂ ಹೋದ. ಅಧ್ಯಕ್ಷರ ಕೆನ್ನೆ ಮೊದಲು ಕೆಂಪಾಯಿತು, ಆಮೇಲೆ ಗುಳ್ಳೆ ಎದ್ದಿತು. ಅದು ಮೊದಲಿನಿಂದಲೂ ಎಳೆಗೂಸಿನ ಚರ್ಮ. ಬ್ಲೇಡು ಆಗದು, ಮೆಷಿನ್ನು ಆಗದು, ಅತ್ತೆ ಮಸೆದ ಕತ್ತಿಯೊಂದೇ ಆಗಿಬರುತ್ತಿತ್ತು. ಭಾಷಣ ಮಾಡುವಾಗಲೂ ಕೆರೆದುಕೊಳ್ಳುತ್ತಿದ್ದರಂತೆ. "ಮಹಾಜನರೇ, ಪರಪರ. ನಮ್ಮ ಆಡಳಿತ, ಪರಪರ." ನಮ್ಮ ಬೀದಿಯಲ್ಲಿ ಈ ಭಾಷಣಕ್ಕೆ ನನ್ನನ್ನು ದಿನಾ ಕರೆಯುತ್ತಿದ್ದರು.

ಹೌದಪ್ಪ ನಮ್ಮ ಮನೆಗೆ ಬಂದ. ಹೊಸ್ತಿಲಲ್ಲಿ ನಿಂತು ಕರವಸ್ತ್ರ ಮೂಗಿಗೆ ಹಿಡಿದ. ಅತ್ತೆ ಮಣೆ ತಳ್ಳಿದಳು. "ಕೂತ್ಕೊಳ್ಳಿ."

"ಪರವಾಗಿಲ್ಲ."

"ಮುಂಬಾಗಿಲಿಂದ ಬಂದಿದ್ದಕ್ಕೆ ಮುಜುಗರಾನಾ? ನಮ್ಮನೆ ಪಕ್ಕದಲ್ಲೂ ಚರಂಡಿ ಇದೆ. ಬೇಕಾದ್ರೆ ಆ ಕಡೆಯಿಂದ ಬನ್ನಿ, ನಮ್ಮ ಹುಡುಗಿ ನೀರು ಹಾಕ್ತಾಳೆ."

ನಾನು ಚೊಂಬು ಎತ್ತಿಕೊಂಡೆ. ಹೌದಪ್ಪ ಮಣೆಯ ಮೇಲೆ ಕೂತ.

"ನೋಡಮ್ಮಾ, ಧಣಿಗಳ ಮುಖ ನೋಡೋಕಾಗ್ತಿಲ್ಲ. ಏನೋ ಕಲ್ಲಂತೆ, ಅದರ ಮೇಲೆ ನೀನು ಮಸೀತಿಲ್ಲವಂತೆ. ಹಲಗೆ ತಾನೆ? ಚರಂಡಿಗೆ ಕಲ್ಲು ಚಪ್ಪಡಿನೇ ಹಾಕಿಸ್ತೀವಿ. ಸಾಕಾ?"

"ಚಪ್ಪಡಿ ಯಾರು ಕೇಳಿದ್ರು? ಮೆಟ್ಟಿಲು."

"ಮೆಟ್ಟಿಲು!" ಅಂದ ಹೌದಪ್ಪ. ಅಭ್ಯಾಸ. ಆಮೇಲೆ ಬಾಯಿ ಮುಚ್ಚಿಕೊಂಡ. "ಅದೆಲ್ಲ ಆಗೋ ಮಾತಲ್ಲ. ಆ ಕಲ್ಲನ್ನೇ ಕೊಟ್ಟುಬಿಡು, ಬೇರೆಯವರ ಹತ್ರ ಮಸೆಸ್ತೀವಿ. ಇಲ್ಲಾ, ಎಲ್ಲಿ ಸಿಗುತ್ತೆ ಹೇಳು, ಹೊಸದು ತರಿಸ್ತೀವಿ."

"ನಿಮ್ಮನೆ ಮುಂದೇನೇ ಸಿಗುತ್ತೆ," ಅಂದಳು ಅತ್ತೆ. "ಕೆಳಗಿನ ಮೆಟ್ಟಿಲಿಗೆ ಮೂಲೆ ಇಲ್ಲವಲ್ಲ, ನೋಡಿದ್ದೀರಾ? ಆ ಮೂಲೆ ಇದು."

ಅಪ್ಪ ತಲೆ ಮೇಲೆ ಕೈ ಹೊತ್ತ. ಹೌದಪ್ಪನಿಗೆ ಕೊನೆಯ ಪದವನ್ನು ಹೇಳಲೂ ಆಗಲಿಲ್ಲ. ಓಡಿಹೋದ.

ಸಂಜೆಗೆ ವಾಪಸ್ಸು ಬಂದ, ಬಾಯಿಪಾಠ ಮಾಡಿಕೊಂಡು. ಕಲ್ಲು ಅಧ್ಯಕ್ಷರ ಮನೆಯದು. ಆದ್ದರಿಂದ ಅಧ್ಯಕ್ಷರ ಆಸ್ತಿ. ಫೋಟೋ ತೆಗೆಯುವುದು ಮುಂದಿನ ಮೆಟ್ಟಿಲ ಮೇಲೇ. ಗಾರೆ ಮೇಸ್ತ್ರಿಯನ್ನು ಕರೆಸಿ ಮೂಲೆಯನ್ನು ಮತ್ತೆ ಕೂಡಿಸುತ್ತಾರೆ. ಕಲ್ಲು ಒಪ್ಪಿಸಬೇಕು. ಇಲ್ಲದಿದ್ದರೆ ಅಂಗಡಿಗೆ ಬೀಗ.

"ಒಪ್ಪಿಸ್ತೀನಿ," ಅಂದಳು ಅತ್ತೆ. "ಕೈಗೆ ಕೊಡಲ್ಲ. ಮೆಟ್ಟಿಲಿಗೆ ಕೊಡ್ತೀನಿ. ಕೂರುತ್ತೋ ಇಲ್ವೋ ನೋಡ್ಬೇಕಲ್ಲ."

ಹೌದಪ್ಪ ಹೋದ ಮೇಲೆ ಅಪ್ಪ ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತ. "ಅನ್ನದ ಕಲ್ಲು ಅಕ್ಕ. ಹಾಗೆ ಕೊಟ್ಟುಬಿಡ್ತೀಯಾ? ಬೀದಿಗೆಲ್ಲ ಇದೊಂದೇ ಇರೋದು."

ಅತ್ತೆ ಅವನ ಕೈಯಿಂದ ಕಲ್ಲು ತೆಗೆದುಕೊಂಡು, ತಿರುವಿ, ಹಿಮ್ಮಡಿ ಉಜ್ಜಲು ಬಚ್ಚಲಿಗೆ ಹೋದಳು.

ಫೋಟೋದ ದಿನ ನಮ್ಮವರ ವಾರದ ರಜೆ. ಬೀದಿಗೆ ಬೀದಿಯೇ ನಮ್ಮ ಹಿಂದೆ ಹೊರಟಿತು. ಅತ್ತೆ ಮುಂದೆ, ಸೆರಗಿನಲ್ಲಿ ಕಲ್ಲು. ನಾನು ನೀರಿನ ಚೊಂಬು. ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಹಿಂದೆ, ಬಾಡಿಗೆ ಕೊಡದವನ ಹಾಗೆ ತಲೆ ತಗ್ಗಿಸಿ. ಕೆಳಗಿನ ಮೆಟ್ಟಿಲ ಬುಡದಲ್ಲಿ ಗಾರೆ ಮೇಸ್ತ್ರಿ ಬಾಣಲೆಯಲ್ಲಿ ಸಿಮೆಂಟು ಕಲಸಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ವಾರಗಟ್ಟಲೆ ಬೆಳೆದ ಗಡ್ಡ, ಅದರ ತುಂಬ ಸಿಮೆಂಟು ಧೂಳು. ಅವನೂ ಸಂದಿಯ ಗಿರಾಕಿಯೇ. ಮೆಟ್ಟಿಲು ರಿಪೇರಿ ಮಾಡಬಹುದು, ಹತ್ತುವ ಹಾಗಿಲ್ಲ. ಫೋಟೋದವನು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಬಿಸಿಲು ಅಳೆಯುತ್ತಿದ್ದ. ಮೇಲಿನ ಮೆಟ್ಟಿಲ ಮೇಲೆ ಇಸ್ತ್ರಿ ಬಟ್ಟೆಯಲ್ಲಿ ಅಧ್ಯಕ್ಷರು. ಅವರ ಹಿಂದೆ ಮುಂಬಾಗಿಲು ಹಾರುಹೊಡೆದಿತ್ತು. ಕೆನ್ನೆ ಮಾತ್ರ ಕೆಂಪು ಬಲೂನಿಗೆ ರವೆ ಅಂಟಿಸಿದ ಹಾಗಿತ್ತು.

ಅತ್ತೆ ಹೋದವಳೇ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏಯ್, ಏಯ್, ಏಳು!" ಹೌದಪ್ಪ ಕೂಗಿದ.

"ಕೂರದೆ ಹೇಗಪ್ಪ ಕೂಡಿಸೋದು?"

ಕಲ್ಲನ್ನು ಮುರಿದ ಜಾಗಕ್ಕೆ ಇಟ್ಟಳು. ಕಲ್ಲು ಕೂರಲಿಲ್ಲ, ಗಡಗಡ ಅಲ್ಲಾಡಿತು. ಸುತ್ತ ಹೆಬ್ಬೆರಳು ತೂರುವಷ್ಟು ಸಂದು. ಮೇಸ್ತ್ರಿ ಬಗ್ಗಿ ನೋಡಿದ, ತಲೆ ಕೆರೆದ. "ಬಣ್ಣ ಇದೇ, ಜಾತಿ ಇದೇ. ಆದ್ರೆ ಅರ್ಧ ಕಲ್ಲೇ ಇಲ್ವಲ್ಲಮ್ಮ."

"ಹ್ರೂಂ. ಮಿಕ್ಕಿದ್ದೆಲ್ಲಿ?" ಅಂದರು ಅಧ್ಯಕ್ಷರು.

"ಎಲ್ಲಿ?" ಅಂದ ಹೌದಪ್ಪ.

"ನಿಮ್ಮ ಮುಖದ ಮೇಲೆ ಹೋಯ್ತು," ಅಂದಳು ಅತ್ತೆ. "ದಿನಾ ಒಂದಿಷ್ಟು. ನಿಮ್ಮಪ್ಪನ ಮುಖದ ಮೇಲೆ ಒಂದಿಷ್ಟು. ನಮ್ಮ ತೋಳಿನ ಶಕ್ತಿ ಅದರ ಜೊತೆಗೇ ಹೋಯ್ತು. ಅದನ್ನ ಯಾವ ಮೆಟ್ಟಿಲಿಗೆ ಕೂಡಿಸ್ತೀರಿ?"

ಅಧ್ಯಕ್ಷರು ದಡದಡ ಇಳಿದು ಬಂದು ಕಲ್ಲನ್ನು ಕಸಿದುಕೊಂಡರು. ಕಸಿದುಕೊಂಡವರು ಹಾಗೇ ನಿಂತರು. ಕಲ್ಲು ತಣ್ಣಗಿತ್ತು. ಕೆನ್ನೆ ಉರಿಯುತ್ತಿತ್ತು. ಕೈ ತಾನಾಗಿ ಮೇಲೆ ಹೋಯಿತು. ತಗ್ಗು ಇದ್ದ ಕಡೆ ಕೆನ್ನೆಯ ಉಬ್ಬಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಧ್ಯಕ್ಷರು ಕಣ್ಣು ಮುಚ್ಚಿದರು.

"ಆಹಾ. ಎಷ್ಟು ತಂಪಾಗಿದೆ."

"ತಂಪಾಗಿದೆ," ಅಂದ ಹೌದಪ್ಪ, ಕಣ್ಣು ಮುಚ್ಚಿಕೊಂಡೇ.

"ಆ ಕಡೆ ನನ್ನ ಹಿಮ್ಮಡಿದು," ಅಂದಳು ಅತ್ತೆ.

ಅಧ್ಯಕ್ಷರು ಒಂದು ಕಣ್ಣು ತೆರೆದರು.

"ಕತ್ತಿದು ಈ ಕಡೆ, ಮಟ್ಟ ಇರೋದು. ತಗ್ಗು ಇರೋ ಕಡೆ ಕಾಲು ಉಜ್ಜೋದು. ಇವತ್ತು ಬೆಳಿಗ್ಗೆನೂ ಉಜ್ಜಿದ್ದೀನಿ. ಏನ್ ಅನ್ಕೋಬೇಡಿ, ತೊಳೆದಿದ್ದೀನಿ. ಕಿವಿ ಹಿಂದೆ ಉಳಿದಿದ್ರೆ ಹೇಳಿ."

ಮೊದಲು ನಕ್ಕವನು ಮೇಸ್ತ್ರಿ. ಬಾಣಲೆ ಮಗುಚುವ ಹಾಗೆ ನಕ್ಕ. ಆಮೇಲೆ ಬೀದಿ ನಕ್ಕಿತು. ಫೋಟೋದವನು ಕ್ಯಾಮೆರಾದ ಹಿಂದೆ ಮುಖ ಬಚ್ಚಿಟ್ಟುಕೊಂಡ. ಅಧ್ಯಕ್ಷರು ಕಲ್ಲನ್ನು ಕೆನ್ನೆಯಿಂದ ಕಿತ್ತು, ತೋಳು ಬೀಸಿ, ಮೆಟ್ಟಿಲಿಗೆ ಅಪ್ಪಳಿಸಿದರು.

ನಗು ನಿಂತಿತು. ಕಲ್ಲು ಪುಡಿಪುಡಿಯಾಗಿತ್ತು. ಒಂದು ಚೂರು ಉರುಳಿ ಬಂದು ಅಪ್ಪನ ಕಾಲಿನ ಬಳಿ ನಿಂತಿತು.

"ಅಷ್ಟೇ ನಿಮ್ಮ ಯೋಗ್ಯತೆ," ಅಂದರು ಅಧ್ಯಕ್ಷರು, ಅಪ್ಪನ ಕಡೆ ತಿರುಗಿ. "ಇನ್ನು ಕೇಳ್ಕೊಳ್ಳೋ. ಈಗ್ಲೇ ಪಕ್ಕದಿಂದ ಹಿತ್ತಿಲಿಗೆ ಬಂದು ನೀಟಾಗಿ ಗಡ್ಡ ಮಾಡಿ ಹೋಗ್ತೀಯ. ಇಲ್ಲಾ ನಾಳೆಯಿಂದ ನಿನ್ನ ಅಂಗಡಿ ಇರಲ್ಲ. ಅರ್ಥ ಆಯ್ತಾ?"

ಅಪ್ಪ ಬಗ್ಗಿ ಚೂರನ್ನು ಎತ್ತಿಕೊಂಡ. ಮಂಡಿ ಲಟಕ್ ಎಂದಿತು. ಚೂರನ್ನು ನೋಡಿದ. ಚೂರು ಬಂದ ದಾರಿಯನ್ನು ನೋಡಿದ. ಆಮೇಲೆ ನಡೆದ. ನಾನು ಸಂದಿಯ ಕಡೆ ಅಂದುಕೊಂಡೆ. ಅಲ್ಲ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಎರಡನೆಯದರ ಮೇಲೆ ಇಟ್ಟ. ಅಲ್ಲೇ ತಿರುಗಿ, ಗೋಡೆ ಹಿಡಿದುಕೊಂಡು, ಮೆಲ್ಲಗೆ ಕೂತ. ಕೂತು ಕಾಲು ಚಾಚಿದ.

"ನೀರು ಕೊಡು ಮಗಳೇ."

ಕೊಟ್ಟೆ. ಅಪ್ಪ ಮೆಟ್ಟಿಲ ಮೇಲೆ ನೀರು ಚಿಮುಕಿಸಿದ. ಕೈಯಲ್ಲಿದ್ದ ಚೂರಿನಿಂದ ಮೆಟ್ಟಿಲನ್ನು ತಿಕ್ಕಿದ. ಹಾಲಿನಂಥ ಕೆಸರು ಎದ್ದಿತು. ಕೆಂಪು ಬಟ್ಟೆ ಬಿಚ್ಚಿ ಕತ್ತಿ ತೆಗೆದು ಮಲಗಿಸಿದ.

"ಏನೋ ಮಾಡ್ತಿದ್ದೀಯ?"

"ಕಲ್ಲು ಒಡೆದುಹೋಯ್ತಲ್ಲ ಧಣಿ. ಇದೂ ಅದೇ ಕಲ್ಲು. ಇಷ್ಟು ದಿನ ಚೂರಿನಲ್ಲಿ ಒದ್ದಾಡ್ತಿದ್ವಿ, ಇಡೀದು ಇಲ್ಲೇ ಬಿದ್ದಿತ್ತು." ಒಂದು ಸಲ ತಳ್ಳಿದ, ಒಂದು ಸಲ ಎಳೆದ. ಸರ್ರ್ ಎಂದಿತು. ಅತ್ತೆ ಎದ್ದು ಬಂದು ಅವನ ಪಕ್ಕ ಕೂತು ಕತ್ತಿ ಕಿತ್ತುಕೊಂಡಳು. "ಕೊಡೋ ಇಲ್ಲಿ. ಹಾಳು ಮಾಡ್ತೀಯ."

ಅತ್ತೆ ಮಸೆದಳು. ಬೀದಿ ಕೇಳಿಸಿಕೊಂಡಿತು. ಸರ್ ಸರ್. ನಾನು ಹನಿ ಹನಿ ನೀರು ಬಿಟ್ಟೆ. ಸ್ಸ್. ಇನ್ನೊಂದು ಹನಿ. ಅತ್ತೆಯ ಭುಜ ಹಗುರಾಯಿತು, ಮೊಣಕೈ ಹಗುರಾಯಿತು. ಆಮೇಲೆ ಏನೂ ಇಲ್ಲ. ಕತ್ತಿ ಹೋಗುತ್ತಿತ್ತು, ಬರುತ್ತಿತ್ತು, ಅಷ್ಟೇ. ಅಪ್ಪನ ಮುಂಗೈ ಮೇಲೆ ಆಡಿಸಿದಳು. ರೋಮ ಸದ್ದಿಲ್ಲದೆ ಉದುರಿತು. ಅಪ್ಪ ಚೀಲದಲ್ಲಿದ್ದ ತೊಗಲಿನ ಪಟ್ಟಿಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಕತ್ತಿಯನ್ನು ಅದರ ಮೇಲೆ ಸವರಿದ.

"ಹ್ರೂಂ. ಸರಿ, ಆಯ್ತಲ್ಲ," ಅಂದರು ಅಧ್ಯಕ್ಷರು. ದನಿ ಸ್ವಲ್ಪ ಇಳಿದಿತ್ತು. ಕಣ್ಣು ಕತ್ತಿಯ ಮೇಲಿತ್ತು, ಕೈ ಕೆನ್ನೆಯ ಮೇಲಿತ್ತು. "ಬಾ ಹಿತ್ತಿಲಿಗೆ. ಪೈಪಿನ ವಿಷಯ ಮರೆತುಬಿಡು."

ಅಪ್ಪ ಅವರನ್ನು ನೋಡಲೇ ಇಲ್ಲ. ಕೆಳಗೆ ನೋಡಿದ. "ಮೇಸ್ತ್ರಿ, ಗಡ್ಡ ಯಾವಾಗ ಮಾಡಿಸಿದ್ದು?"

"ಯಾವಾಗಲೋ. ತಮ್ಮನ ಮದುವೇಲಿ ಅಂತ ಕಾಣುತ್ತೆ."

"ಬಾ, ಕೂತ್ಕೋ."

ಮೇಸ್ತ್ರಿ ಮೇಲೆ ನೋಡಿದ, ಬೀದಿ ನೋಡಿದ. ಕೈಯಲ್ಲಿದ್ದ ಕರಣೆಯನ್ನು ಬಾಣಲೆಗೆ ಎಸೆದು ಮೆಟ್ಟಿಲು ಹತ್ತಿ ಅಪ್ಪನ ಕೆಳಗಿನ ಮೆಟ್ಟಿಲ ಮೇಲೆ ಕೂತು ಗಲ್ಲ ಎತ್ತಿದ. ಅಪ್ಪ ಸೋಪು ಹಚ್ಚಿದ. ಬಿಳಿ ನೊರೆ ಒಂದೇ ಕ್ಷಣಕ್ಕೆ ಬೂದುಬಣ್ಣಕ್ಕೆ ತಿರುಗಿತು.

"ಲೋ! ಅದು ನನ್ನ ಕತ್ತಿ!" ಅಧ್ಯಕ್ಷರ ಹ್ರೂಂ ಕೂಡ ಹೊರಡಲಿಲ್ಲ. "ನನ್ನ ಕತ್ತಿಯಲ್ಲಿ ಅವನಿಗೆ? ನಿನ್ನ ಅಂಗಡಿ ಮುಚ್ಚಿಸಿಬಿಡ್ತೀನಿ!"

"ಮುಚ್ಚಿಸಿ ಧಣಿ," ಅಂದ ಅಪ್ಪ, ಮೇಸ್ತ್ರಿಯ ಕೆನ್ನೆಯನ್ನು ಎರಡು ಬೆರಳಲ್ಲಿ ಬಿಗಿ ಹಿಡಿಯುತ್ತಾ. "ಇಲ್ಲೇ ಕೂರ್ತೀನಿ. ನೆರಳಿದೆ, ಕಲ್ಲೂ ಇದೆ. ಕೂತು ಗಡ್ಡ ಮಾಡಿದ್ರೆ ಮಂಡಿಗೆ ಎಷ್ಟು ಸುಖ ಅಂತ ಇವತ್ತೇ ಗೊತ್ತಾಗಿದ್ದು."

"ನಮ್ಮ ಕತ್ತಿಗೂ ಕೊನೇ ಕಲ್ಲು ಬೇಕಲ್ಲಕ್ಕ," ಅಂತ ನಮ್ಮ ಬೀದಿಯ 'ಚಂಗನೆ' ಎಂಬ ಸಲೂನಿನವನು ಜನರ ಮಧ್ಯದಿಂದ ಬಂದು ಮೊದಲ ಮೆಟ್ಟಿಲ ಮೇಲೆ ಕೂತ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಎಲ್ಲರ ಜೇಬಿನಲ್ಲೂ ಕತ್ತಿ ಇತ್ತು. ಯಾರೂ ಅದನ್ನು ಝಳಪಿಸಲಿಲ್ಲ. ಬಿಚ್ಚಿ ಪಕ್ಕದಲ್ಲಿ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತರು. ಅಧ್ಯಕ್ಷರು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹತ್ತಿದರು. ಮೆಟ್ಟಿಲು ಮುಗಿದ ಮೇಲೆ ಒಳಗೆ ಹೋದರು. ಅವಸರದಲ್ಲಿ ಬಾಗಿಲು ಹಾಕಲು ಮರೆತರು.

ಅಪ್ಪ ಅವಸರ ಮಾಡಲಿಲ್ಲ. ಗಲ್ಲದ ಕೆಳಗೆ, ಮೂಗಿನ ಕೆಳಗೆ, ಕಿವಿಯ ಹಿಂದೆ. ಸಿಮೆಂಟಿನ ಒಳಗಿನಿಂದ ಒಂದು ಮುಖ ಬಂತು. ನಾವು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನದು. ಮೇಸ್ತ್ರಿ ಕೆನ್ನೆ ಸವರಿಕೊಂಡು, ಬೇರೆಯವರ ಕೆನ್ನೆ ಇರಬಹುದೇನೋ ಎಂದು ಇನ್ನೊಮ್ಮೆ ಸವರಿಕೊಂಡ. "ಬೆಳಕು ಚೆನ್ನಾಗಿದೆ," ಅಂತ ಫೋಟೋದವನು ಯಾರಿಗೂ ಹೇಳದ ಹಾಗೆ ಹೇಳಿ ಕ್ಲಿಕ್ ಮಾಡಿದ.

ಅಪ್ಪ ಕತ್ತಿ ಒರೆಸಿದ. ಕೆಂಪು ಬಟ್ಟೆಯಲ್ಲಿ ಸುತ್ತಲಿಲ್ಲ. ಬೇರೆ ಕತ್ತಿಗಳ ಜೊತೆ ಚೀಲಕ್ಕೆ ಹಾಕಿದ. ಕೆಂಪು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಎದ್ದು ನಿಂತ.

ಮೆಟ್ಟಿಲ ತುಂಬ ಕೂದಲು. ಸಿಮೆಂಟು ಮೆತ್ತಿದ, ಆಗಲೇ ಒಣಗಿದ, ಗುಪ್ಪೆ ಗುಪ್ಪೆ ಕೂದಲು. ಹೌದಪ್ಪ ಬಾಗಿಲಲ್ಲಿ ನಿಂತು ಒಳಗೊಮ್ಮೆ ಹೊರಗೊಮ್ಮೆ ನೋಡಿ, ಕೊನೆಗೆ ಕೂದಲಿನ ಮಾತೊಂದನ್ನೇ ಹಿಡಿದುಕೊಂಡ. "ಕೂದಲು! ಕೂದಲು ಯಾರು ಎತ್ತೋದು? ಚೀಲಕ್ಕೆ ಹಾಕ್ಕೊಂಡು ಹೋಗು!"

ಅಪ್ಪ ಚೀಲದ ಬಾಯಿಯನ್ನು ದಾರ ಎಳೆದು ಬಿಗಿದ. ಆಕಾಶ ನೋಡಿದ.

"ಗಾಳಿ ಬರುತ್ತೆ," ಅಂದ.

"ಬರುತ್ತೆ," ಅಂದ ಹೌದಪ್ಪ.

ಬಂತು. ಬೀದಿಯ ಕಡೆಯಿಂದಲೇ ಬೀಸಿತು. ಕೂದಲೆಲ್ಲ ಎದ್ದು, ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಹೌದಪ್ಪನ ಕಾಲಿನ ಸಂದಿಯಲ್ಲಿ ನುಸುಳಿ, ಮುಂಬಾಗಿಲಿನಿಂದಲೇ ಒಳಗೆ ಹೋಯಿತು.